ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸಬಹುದಾ?

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮದು ಹಳೇ ಕಲ್ಲುಗೋಡೆಯ ಮನೆ. ರೂಟರ್ ಪಡಸಾಲೆಯಲ್ಲಿದೆ. ಮಗಳು ಕೆಲಸ ಮಾಡುವ ಹಿಂದಿನ ಕೋಣೆಗೆ ವೈಫೈ ಮುಟ್ಟಲ್ಲ. ಗೋಡೆ ಕೊರೆಸಲು ಮನಸ್ಸಿಲ್ಲ. ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸಬಹುದಂತೆ, ನಿಜಾನಾ?

ನಿಜ. ಪವರ್‌ಲೈನ್ ಅಡಾಪ್ಟರ್ ಅಂತ ಸಿಗುತ್ತದೆ, ಜೋಡಿಯಾಗಿ ಬೇಕು. ಒಂದನ್ನು ರೂಟರ್ ಪಕ್ಕದ ಸಾಕೆಟ್‌ಗೆ ಹಾಕಿ ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ. ಇನ್ನೊಂದು ಮಗಳ ಕೋಣೆಯ ಸಾಕೆಟ್‌ಗೆ, ಅಲ್ಲಿಂದ ಕಂಪ್ಯೂಟರ್‌ಗೆ ಕೇಬಲ್. ಬೋರ್ಡ್ ಬಿಚ್ಚುವ ಕೆಲಸವೇ ಇಲ್ಲ. ಮನೆಯ ಕರೆಂಟಿನ ಫ್ರೀಕ್ವೆನ್ಸಿ ಬರೀ 50 ಹರ್ಟ್ಸ್, ಅಡಾಪ್ಟರ್ ಸಿಗ್ನಲ್‌ನದ್ದು ಸುಮಾರು 20 ಲಕ್ಷ ಹರ್ಟ್ಸ್‌ನಿಂದ ಮೇಲೆ. ಹಾಗಾಗಿ ಒಂದೇ ತಂತಿಯಲ್ಲಿ ಹೋದರೂ ಎರಡನ್ನೂ ಬೇರೆ ಮಾಡಬಹುದು.

ನಿಮ್ಮ ಮನೆಯಲ್ಲಿ ನಡೆಯುತ್ತಾ ಅನ್ನೋದು ಮಾತ್ರ ವೈರಿಂಗ್ ಮೇಲಿದೆ. ನಿಮ್ಮದು ತ್ರೀ ಫೇಸ್ ಆಗಿದ್ದರೆ, ಎರಡೂ ಸಾಕೆಟ್ ಒಂದೇ ಫೇಸ್‌ನಲ್ಲಿರಬೇಕು. ತಿಳಿಯೋದು ಹೇಗೆ? ಒಂದು ಫೇಸ್ ಹೋದ ದಿನ ನೆನಪು ಮಾಡಿಕೊಳ್ಳಿ. ಪಡಸಾಲೆಯ ಫ್ಯಾನ್ ತಿರುಗುತ್ತಿರುತ್ತೆ, ಅಡಿಗೆಮನೆ ಕತ್ತಲು, ಅಲ್ವಾ? ಆಗ ರೂಟರ್ ಸಾಕೆಟ್‌ಗೆ ಕರೆಂಟ್ ಇದ್ದು ಮಗಳ ಕೋಣೆಗೆ ಇಲ್ಲದಿದ್ದರೆ ಫೇಸ್ ಬೇರೆ. ಸಿಗ್ನಲ್ ದಾಟಿದರೂ ಸೊರಗಿರುತ್ತದೆ.

ಬಳ್ಳಾರಿಯ ನಮ್ಮ ಮನೆಯಲ್ಲಿ ಅಡಾಪ್ಟರ್ ಡಬ್ಬಿ ಮೇಲೆ ವೇಗ 600 ಎಂಬಿಪಿಎಸ್ ಅಂತಿತ್ತು, ಸಿಕ್ಕಿದ್ದು 70. ಡಬ್ಬಿಯ ಲೆಕ್ಕ ನಂಬಬೇಡಿ. 600 ಅಂತ ಬರೆದ ಎಷ್ಟೋ ಅಡಾಪ್ಟರ್‌ಗಳಲ್ಲಿ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದ್ದು! ಆ 70 ಕೂಡ ಇಡೀ ದಿನ ನಿಲ್ಲಲಿಲ್ಲ. ಮನೆಯವರು ಶೇಂಗಾ ಚಟ್ನಿಗೆ ಮಿಕ್ಸರ್ ತಿರುಗಿಸಿದರು, ನನ್ನ ವಿಡಿಯೋ ಕಾಲ್‌ನಲ್ಲಿ ಎದುರಿನವರ ಬಾಯಿ ತೆರೆದಂತೆಯೇ ನಿಂತಿತು. ಮಿಕ್ಸರ್ ನಿಂತ ಮೇಲೆ ಬಾಯಿ ಮುಚ್ಚಿತು. ಕೂಲರ್ ಮೋಟಾರು, ಅಗ್ಗದ ಚಾರ್ಜರ್ ಕೂಡ ಲೈನಿಗೆ ಹೀಗೇ ಗದ್ದಲ ಬಿಡುತ್ತವೆ. ಆಮೇಲೆ ನೋಡಿದರೆ ನನ್ನದೇ ತಪ್ಪು ಒಂದಿತ್ತು: ಅಡಾಪ್ಟರನ್ನು ಸ್ಪೈಕ್ ಗಾರ್ಡ್‌ಗೆ ಹಾಕಿದ್ದೆ. ಅದರೊಳಗಿನ ಫಿಲ್ಟರ್ ಈ ಸಿಗ್ನಲನ್ನೂ ಗದ್ದಲ ಅಂದುಕೊಂಡು ನುಂಗುತ್ತದೆ. ನೇರ ಗೋಡೆಯ ಸಾಕೆಟ್‌ಗೇ ಹಾಕಿ.

ಇನ್ವರ್ಟರ್ ಇದೆಯಾ? ಒಂದು ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ಹೊರಗೆ ಇದ್ದರೆ ಕರೆಂಟ್ ಹೋದ ಕೂಡಲೇ ಸಂಪರ್ಕ ಕಡಿಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಗದ್ದಲವೂ ಜಾಸ್ತಿ.

ಜೋಡಿಸಿದ ಮೇಲೆ ಎರಡೂ ಅಡಾಪ್ಟರ್‌ಗಳನ್ನು ಒಂದಕ್ಕೊಂದು ಜೋಡಿ ಮಾಡುವ ಪೇರ್ ಬಟನ್ ಒತ್ತೋದು ಮರೆಯಬೇಡಿ. ಇಲ್ಲದಿದ್ದರೆ ಅಪಾರ್ಟ್‌ಮೆಂಟ್‌ನಂಥ ಕಡೆ ಪಕ್ಕದ ಮನೆಯ ಅಡಾಪ್ಟರ್ ನಿಮ್ಮ ನೆಟ್‌ವರ್ಕ್‌ಗೆ ಸೇರಬಹುದು.

ನನ್ನನ್ನು ಕೇಳಿದರೆ, ಬಾಗಿಲ ಚೌಕಟ್ಟಿನ ಮೇಲಿಂದಲೋ ಮಾಳಿಗೆ ಮೇಲಿಂದಲೋ ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದನ್ನೇ ಮಾಡಿ. 100 ಮೀಟರ್‌ವರೆಗೂ ನಡೆಯುತ್ತೆ, ಮಿಕ್ಸರ್‌ಗೆ ಹೆದರಲ್ಲ. ದಾರಿಯೇ ಇಲ್ಲ ಅಂದರೆ ಅಡಾಪ್ಟರ್ ತಗೊಳ್ಳಿ, ಆದರೆ ವಾಪಸ್ ತಗೊಳ್ಳುವ ಅಂಗಡಿಯಲ್ಲಿ.