ಲಾರಾ ಕಥೆ ಇಟ್ಟುಕೊಂಡು ಪಯನೀಯರ್ ಬದುಕು ಕಲಿಸುವುದು: ನಾನು ಎಡವಿದ ಜಾಗ

ಮಕ್ಕಳಿಗೆ ಅಮೆರಿಕದ ಪಯನೀಯರ್ (ಹೊಸ ನೆಲ ಹುಡುಕಿ ಹೋಗಿ ನೆಲೆಸಿದವರ) ಬದುಕು ಹೇಳಿಕೊಡಲು ಎಲ್ಲರೂ ಕೈಗೆತ್ತಿಕೊಳ್ಳುವುದು ಲಾರಾ ಇಂಗಲ್ಸ್ ವೈಲ್ಡರ್ ತನ್ನ ಬಾಲ್ಯವನ್ನೇ ಕಥೆ ಮಾಡಿ ಬರೆದ 'ಲಿಟಲ್ ಹೌಸ್' ಪುಸ್ತಕಗಳನ್ನು. ನಾನೂ ಅದನ್ನೇ ಹಿಡಿದೆ. ದಿನಚರಿಯ ಭಾಗ ಸುಲಭ. ಮಜ್ಜಿಗೆ ಕಡೆಯುವುದನ್ನು ನೋಡಿದ ಮಗುವಿಗೆ ಬೆಣ್ಣೆ ತೆಗೆಯುವುದನ್ನು ವಿವರಿಸಬೇಕಾಗಿಲ್ಲ. 1880-81ರ ಚಳಿಗಾಲದಲ್ಲಿ ಡಕೋಟಾದಲ್ಲಿ ಹಿಮ ಬಿದ್ದು ರೈಲು ನಿಂತಾಗ ಹುಲ್ಲನ್ನು ಹುರಿ ಹೊಸೆದು ಒಲೆಗೆ ಹಾಕಿದರು, ಕಾಫಿ ಬೀಜ ಪುಡಿ ಮಾಡುವ ಮಿಲ್ಲಿನಲ್ಲೇ ಗೋಧಿ ಬೀಸಿಕೊಂಡರು. ಇಷ್ಟು ಹೇಳಿದರೆ ಸಾಕು, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ನಾನು ಸಿಕ್ಕಿಹಾಕಿಕೊಂಡಿದ್ದು ಇಸವಿಗಳಲ್ಲಿ. ಪುಸ್ತಕದ ಕ್ರಮದಲ್ಲಿ ಮೊದಲು ವಿಸ್ಕಾನ್ಸಿನ್ ಕಾಡು (1932ರ ಪುಸ್ತಕ), ಆಮೇಲೆ ಕಾನ್ಸಾಸ್ ಬಯಲು (1935ರದ್ದು). ಲಾರಾ ಹುಟ್ಟಿದ್ದು 1867ರಲ್ಲಿ, ಕುಟುಂಬ ಕಾನ್ಸಾಸ್‌ನಲ್ಲಿದ್ದದ್ದು 1869ರಿಂದ 1871ರವರೆಗೆ. ಲೆಕ್ಕ ಹಾಕಿ. ಆಗ ಅವಳಿಗೆ ಎರಡರಿಂದ ನಾಲ್ಕು ವರ್ಷ! ಕಥೆಯಲ್ಲಿ ಮಾತ್ರ ಐದು ದಾಟಿದ ಹುಡುಗಿ. ತಂಗಿ ಕ್ಯಾರಿ ಗಾಡಿಯಲ್ಲಿ ಜೊತೆಗೇ ಬರುತ್ತಾಳೆ, ನಿಜದಲ್ಲಿ ಅವಳು ಹುಟ್ಟಿದ್ದೇ ಕಾನ್ಸಾಸ್‌ನಲ್ಲಿ, 1870ರ ಆಗಸ್ಟ್‌ನಲ್ಲಿ. ಅಂದರೆ ನಿಜವಾದ ದಾರಿ ವಿಸ್ಕಾನ್ಸಿನ್, ಕಾನ್ಸಾಸ್, ಮತ್ತೆ ವಿಸ್ಕಾನ್ಸಿನ್. ಮೊದಲ ಪುಸ್ತಕದಲ್ಲಿರುವುದು ವಾಪಸ್ ಬಂದ ಮೇಲಿನ ನೆನಪು. ಇದು ತಲೆಗೆ ಹತ್ತಲು ನನಗೆ ಒಂದು ಇಡೀ ಸಂಜೆ, ನಾಲ್ಕು ಹಾಳೆ ಬೇಕಾಯಿತು. ನೀವು ಸುಮ್ನೆ ಗೋಡೆಗೆ ಎರಡು ದಾರ ಕಟ್ಟಿ, ಒಂದಕ್ಕೆ ಕಥೆಯ ಚೀಟಿ, ಇನ್ನೊಂದಕ್ಕೆ ನಿಜದ ಚೀಟಿ ಸಿಕ್ಕಿಸಿ. ನನ್ನ ಪಾಲಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕಾನ್ಸಾಸ್ ಬಿಟ್ಟ ಕಾರಣವೂ ಹಾಗೆಯೇ. ಕಥೆಯಲ್ಲಿ ಸೈನಿಕರು ಬಂದು ಎಬ್ಬಿಸುತ್ತಾರೆ ಅನ್ನುವ ಸುದ್ದಿ ಕೇಳಿ ಅಪ್ಪ ಗಾಡಿ ಕಟ್ಟುತ್ತಾನೆ. ನಿಜದಲ್ಲಿ ಇವರು ಮಾರಿ ಬಂದಿದ್ದ ವಿಸ್ಕಾನ್ಸಿನ್ ಜಮೀನು ಕೊಂಡವನು ದುಡ್ಡು ಕಟ್ಟಲಾಗದೆ ಕೈ ಚೆಲ್ಲಿದ್ದ. ಆ ಜಮೀನಿಗೇ ಇವರು ಮರಳಿದರು.

ಇನ್ನು ಭೂಮಿ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಐದು ವರ್ಷ ನೆಲೆಸಿ ಉತ್ತರೆ 160 ಎಕರೆ ಸಿಗುತ್ತಿತ್ತು, ಕೊಡಬೇಕಾದ್ದು ಸಣ್ಣ ಶುಲ್ಕ ಅಷ್ಟೇ. ನಮ್ಮ ಲೆಕ್ಕದಲ್ಲಿ 6,400 ಗುಂಟೆ. ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲದ ಚೌಕ. ಸುತ್ತು ಹಾಕಿದರೆ ಮೂರು ಕಿಲೋಮೀಟರ್‌ಗಿಂತ ಜಾಸ್ತಿ. ನಾನು ಇದನ್ನೇ ಕಾನ್ಸಾಸ್ ಮನೆಗೂ ಅಂಟಿಸಿಬಿಟ್ಟಿದ್ದೆ. ತಪ್ಪು. ಅದು ಒಪ್ಪಂದದ ಪ್ರಕಾರ ಒಸೇಜ್ ಎಂಬ ಮೂಲನಿವಾಸಿ ಜನರ ನೆಲ, ಈ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಲೇ ಇರಲಿಲ್ಲ. ಇಂಗಲ್ಸ್ ಕುಟುಂಬ ಅಲ್ಲಿ ಅಕ್ರಮವಾಗಿ ಕೂತಿತ್ತು. 1870ರಲ್ಲಿ ಆ ನೆಲವನ್ನು ಎಕರೆಗೆ 1.25 ಡಾಲರ್‌ನಂತೆ ಮಾರಲು ಕಾನೂನು ಬಂತು, ಒಸೇಜ್ ಜನ ಈಗಿನ ಒಕ್ಲಹೋಮಾ ಕಡೆಗೆ ಹೋಗಬೇಕಾಯಿತು. ಹಾಗಾಗಿ ಪಯನೀಯರ್‌ಗೆ 'ಮೊದಲಿಗರು' ಅಂತ ಕನ್ನಡದಲ್ಲಿ ಬರೆದುಕೊಂಡಿದ್ದನ್ನು ಹೊಡೆದು ಹಾಕಿದೆ. ಅವರಿಗಿಂತ ಮುಂಚೆ ಜನ ಇದ್ದರಲ್ವಾ? ಈಗ 'ವಲಸೆ ರೈತರು' ಅಂತ ಬರೆಯುತ್ತೇನೆ.

ಜೊತೆಗೆ ಓದಿಸಲು ಲೂಯಿಸ್ ಎರ್ಡ್ರಿಕ್ ಅವರ 'ದಿ ಬರ್ಚ್‌ಬಾರ್ಕ್ ಹೌಸ್' (1999) ಇಟ್ಟುಕೊಂಡಿದ್ದೇನೆ. 1847ರ ಓಜಿಬ್ವೆ ಎಂಬ ಮೂಲನಿವಾಸಿ ಜನರ ಹುಡುಗಿಯ ಕಥೆ, ನಡೆಯುವುದು ಸುಪೀರಿಯರ್ ಸರೋವರದ ದ್ವೀಪದಲ್ಲಿ. ಒಂದು ಎಚ್ಚರ: ಇವರು ಒಸೇಜ್ ಅಲ್ಲ, ಜಾಗವೂ ಬೇರೆ, ಕಾಲವೂ ಬೇರೆ. ಅದಕ್ಕೆ ಗೋಡೆಯ ಮೇಲೆ ಮೂರನೇ ದಾರ ಬೇಕು.