ಬಿಸಿ ಸಲೈನಿನಲ್ಲಿ ಅದ್ದಿದ ಟ್ಯೂಬು

"ಸಿಸ್ಟರ್, ವಾರ್ಮರ್‌ನಿಂದ ಒಂದು ಬಾಟಲಿ ಸಲೈನ್ ಕೊಡಿ."

ಮೂಗಿನ ಮೂಲಕ ಟ್ಯೂಬು ಹಾಕಬೇಕಾದ ದಿನ ಓಟಿಯಲ್ಲಿ ನಾನು ಮೊದಲು ಕೇಳುವುದು ಇದನ್ನೇ. ಅಂಥ ದಿನ ಮೇಜಿನ ಮೇಲೆ ಮಲಗಿರುವವರ ಬಾಯಿ ಎಷ್ಟೋ ಸಲ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಅಗಿದು ಕೆನ್ನೆಯ ಒಳಪದರ ಹಗ್ಗದ ಹಾಗೆ ಬಿಗಿದುಕೊಂಡಿರುತ್ತದೆ. ನಮ್ಮ ಕಡೆ ಇದು ಅಪರೂಪವೇನಲ್ಲ. ಬಾಯಿಯ ದಾರಿ ಮುಚ್ಚಿದೆ. ಉಳಿದದ್ದು ಮೂಗು.

ಅರಿವಳಿಕೆ ಕೊಟ್ಟಾಗ ರೋಗಿಯ ಉಸಿರಾಟವನ್ನು ನಾವು ನೋಡಿಕೊಳ್ಳಬೇಕು. ಅದಕ್ಕೆ ಶ್ವಾಸನಾಳದೊಳಗೆ ಒಂದು ಟ್ಯೂಬು ಇಳಿಸುತ್ತೇವೆ. ಪೊಟ್ಟಣದಿಂದ ಈಗಷ್ಟೇ ತೆಗೆದ ಟ್ಯೂಬನ್ನು ಎಸಿ ಓಟಿಯಲ್ಲಿ, 20 ಡಿಗ್ರಿ ಚಳಿಯಲ್ಲಿ ಕೈಗೆತ್ತಿಕೊಳ್ಳಿ. ಗಟ್ಟಿಯಾಗಿದೆ. ಬಗ್ಗಿಸಿ ಬಿಟ್ಟರೆ ಸಟಕ್ಕನೆ ಮೊದಲಿನ ಬಾಗಿಗೆ ಮರಳುತ್ತದೆ. ತುದಿ ಓರೆಯಾಗಿ ಕತ್ತರಿಸಿದ್ದು. ಮೂಗಿನ ಒಳಗಿನ ಮೆತ್ತನೆಯ ಪದರಕ್ಕೆ ಇಷ್ಟು ಸಾಕು, ರಕ್ತ ಬರುತ್ತದೆ. ಬಾಯಿ ತೆರೆಯದ ರೋಗಿಯ ಗಂಟಲಿಗೆ ರಕ್ತ ಇಳಿದರೆ ದಾರಿ ನೋಡಲು ಒಳಗೆ ಬಿಡುವ ತೆಳು ಕ್ಯಾಮೆರಾ ಕೊಳವೆ, ಅಂದರೆ ಫೈಬರ್ ಸ್ಕೋಪಿನ ಕಣ್ಣಿಗೆ ಕೆಂಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಹೊತ್ತು ಎಷ್ಟು ಕಷ್ಟದ್ದು ಅಂತ ಅಲ್ಲಿ ನಿಂತವರಿಗೇ ಗೊತ್ತು.

ಅದೇ ಟ್ಯೂಬನ್ನು 40 ಡಿಗ್ರಿ ಆಸುಪಾಸಿನ ಸಲೈನಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯಿರಿ. ಬೆರಳ ಮಧ್ಯೆ ಜೋತು ಬೀಳುತ್ತದೆ. ಚೂಪು ಅನಿಸುತ್ತಿದ್ದ ತುದಿ ಒತ್ತಿದರೆ ಬಾಗುತ್ತದೆ. ಮೂಗಿನ ತಿರುವಿಗೆ ಬಂದಾಗ ಇದು ತಿವಿಯುವುದಿಲ್ಲ, ತಾನೇ ಬಗ್ಗಿ ಒಳಗೆ ಜಾರುತ್ತದೆ. ಹೀಗೆ ಮೆತ್ತಗೆ ಮಾಡಿದ ಟ್ಯೂಬಿನಿಂದ ಮೂಗಿನ ರಕ್ತಸ್ರಾವ ಕಡಿಮೆಯಾಗುತ್ತದೆ ಎಂದು 2000ರಲ್ಲಿ ಕೊರಿಯಾದ ವೈದ್ಯರು ಪ್ರಕಟಿಸಿದ್ದರು.

ಯಾಕೆ ಹೀಗೆ? ಟ್ಯೂಬು ಮಾಡಿರುವುದು ಪಿವಿಸಿಯಿಂದ. ಹೌದು, ಬೋರ್‌ವೆಲ್ಲಿಗೆ ಇಳಿಸುವ, ಗೋಡೆಯೊಳಗೆ ವೈರ್ ಎಳೆಯುವ ಅದೇ ಪಿವಿಸಿ. ತೋಟದಲ್ಲಿ ಎರಡು ಪೈಪು ಜೋಡಿಸುವಾಗ ಒಂದರ ತುದಿಯನ್ನು ಬೆಂಕಿಯ ಮೇಲೆ ತಿರುಗಿಸುತ್ತಾ ಹಿಡಿಯುವುದನ್ನು ನೀವು ನೋಡಿರಬಹುದು. ಬಿಸಿಯಾದ ತುದಿ ಮೆತ್ತಗಾಗಿ ಅಗಲವಾಗುತ್ತದೆ, ಇನ್ನೊಂದು ಪೈಪು ಒಳಗೆ ಕೂರುತ್ತದೆ, ಆರಿದ ಮೇಲೆ ಮತ್ತೆ ಗಟ್ಟಿ. ಬರೀ ಪಿವಿಸಿ ಹೀಗೆ ಮೆತ್ತಗಾಗಲು ಸುಮಾರು 80 ಡಿಗ್ರಿ ಬೇಕು. ಮನುಷ್ಯನ ಮೈಬಿಸಿ 37. ಹಾಗಾದರೆ ವೈದ್ಯಕೀಯ ಟ್ಯೂಬು ಅಷ್ಟರಲ್ಲೇ ಹೇಗೆ ಮೆತ್ತಗಾಗುತ್ತದೆ?

ಅದಕ್ಕೆ ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸುತ್ತಾರೆ. ಪ್ಲಾಸ್ಟಿಸೈಸರ್ ಅಂತ ಹೆಸರು. ಬಹುಕಾಲದಿಂದ ಬಳಕೆಯಲ್ಲಿರುವುದು ಡಿಇಎಚ್‌ಪಿ. ಇಂಥ ಮೆತ್ತನೆಯ ಪಿವಿಸಿಯ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಇದೇ ಇರುವುದುಂಟು. ಒತ್ತು ಶಾವಿಗೆ ನೆನಪಿಸಿಕೊಳ್ಳಿ. ಎಣ್ಣೆ ಸೋಕಿಸದೆ ಆರಲು ಬಿಟ್ಟರೆ ಎಳೆಗೆ ಎಳೆ ಅಂಟಿ ಗಟ್ಟಿ ಮುದ್ದೆಯಾಗುತ್ತದೆ. ಎಣ್ಣೆ ಸೋಕಿಸಿದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಪಿವಿಸಿಯ ಉದ್ದುದ್ದ ಅಣುಸರಪಳಿಗಳ ನಡುವೆ ಪ್ಲಾಸ್ಟಿಸೈಸರ್ ಮಾಡುವ ಕೆಲಸವೂ ಇಂಥದ್ದೇ. ಬಿಸಿ ಏರಿದ ಹಾಗೆ ಸರಪಳಿಗಳ ಅಲುಗಾಟ ಜಾಸ್ತಿಯಾಗುತ್ತದೆ, ಜಾರುವುದು ಸುಲಭವಾಗುತ್ತದೆ. ಇಲ್ಲಿ ಕೊಬ್ಬರಿ ಎಣ್ಣೆ ಕರಗುವಂತೆ ಏನೂ ಕರಗುವುದಿಲ್ಲ. ಡಿಗ್ರಿಯಿಂದ ಡಿಗ್ರಿಗೆ ಬಿಗಿ ಸಡಿಲವಾಗುತ್ತಾ ಹೋಗುತ್ತದೆ, ಅಷ್ಟೇ. ಗಿಡಕ್ಕೆ ನೀರು ಬಿಡುವ ಪೈಪು ಚಳಿಗಾಲದ ಬೆಳಿಗ್ಗೆ ಸುತ್ತಲು ಬಾರದಷ್ಟು ಬಿರುಸಾಗಿದ್ದು, ಮಧ್ಯಾಹ್ನದ ಬಿಸಿಲಿಗೆ ಸೋತು ಮಲಗುತ್ತದಲ್ವಾ? ಅದೇ ಕಥೆ.

ಪಿವಿಸಿ ಬರುವ ಮುಂಚೆ ಇದ್ದದ್ದು ಕೆಂಪು ರಬ್ಬರ್. ಮೊದಲ ಮಹಾಯುದ್ಧದಲ್ಲಿ ಮುಖ ಜಜ್ಜಿಹೋದ ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಸರ್ಜನ್ ಹೆರಾಲ್ಡ್ ಗಿಲ್ಲೀಸ್ ಕೆಲಸ ಮಾಡಬೇಕಾದದ್ದೂ ಮುಖದ ಮೇಲೆ, ಅರಿವಳಿಕೆಯ ಮಾಸ್ಕ್ ಕೂರಬೇಕಾದದ್ದೂ ಮುಖದ ಮೇಲೆ. ಅಲ್ಲಿನ ಅರಿವಳಿಕೆ ವೈದ್ಯರಾದ ಐವನ್ ಮೆಗಿಲ್ ಮತ್ತು ಸ್ಟ್ಯಾನ್ಲಿ ರೋಬಾಥಮ್ ರಬ್ಬರ್ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುವ ದಾರಿ ಹಿಡಿದರು. ಹಸಿ ರಬ್ಬರ್ ಆಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಅದು ಬೇಸಿಗೆಯಲ್ಲಿ ಅಂಟಂಟು, ಚಳಿಯಲ್ಲಿ ಪೆಡಸು. ಗಂಧಕ ಬೆರೆಸಿ ಕಾಯಿಸಿದರೆ ಈ ತೊಂದರೆ ಹೋಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲೇ ಕಂಡುಕೊಂಡಿದ್ದ. ಕೆಂಪು ರಬ್ಬರ್ ಟ್ಯೂಬನ್ನು ತೊಳೆದು, ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು) ಮತ್ತೆ ಮತ್ತೆ ಬಳಸುತ್ತಿದ್ದರು. ಆದರೆ ಪ್ರತಿ ಸಲದ ಬಿಸಿಯೂ ರಬ್ಬರಿನ ಆಯಸ್ಸು ತಿನ್ನುತ್ತಿತ್ತು. ಕೊನೆಗೆ ಗಟ್ಟಿಯಾಗಿ ಬಿರುಕು ಬಿಡುತ್ತಿತ್ತು. ಮೈಬಿಸಿಗೆ ಪಿವಿಸಿಯಷ್ಟು ಬಗ್ಗಿ ಗಂಟಲಿನ ಆಕಾರಕ್ಕೆ ಹೊಂದಿಕೊಳ್ಳುವ ಗುಣವೂ ಅದಕ್ಕಿರಲಿಲ್ಲ.

ಮೆತ್ತಗಾಗುವುದರಲ್ಲಿ ಅಪಾಯವೂ ಇದೆ. ಸಲೈನ್ ತೀರಾ ಬಿಸಿಯಾದರೆ ಮೂಗು ಸುಟ್ಟೀತು. ಮಗುವಿನ ಸ್ನಾನದ ನೀರಿಗೆ ಅಮ್ಮ ಮೊಣಕೈ ಇಟ್ಟು ನೋಡುವಷ್ಟೇ ಎಚ್ಚರ ಇಲ್ಲೂ ಬೇಕು. ಟ್ಯೂಬು ಅತಿಯಾಗಿ ಸಡಿಲವಾದರೆ ಮೂಗಿನ ಹಿಂಬದಿಯ ತಿರುವಿನಲ್ಲಿ ಮಡಚಿಕೊಂಡು ಮುಂದಕ್ಕೇ ಹೋಗುವುದಿಲ್ಲ. ಇನ್ನೊಂದು ತೊಂದರೆ ಆಪರೇಷನ್ ಶುರುವಾಗಿ ಗಂಟೆ ಕಳೆದ ಮೇಲೆ ಬರುತ್ತದೆ. ಬಾಯಿಯ ಮೂಲಕ ಹಾಕಿದ ಟ್ಯೂಬಿನಲ್ಲಿ ಬಾಯಿಯೊಳಗಿನ ಭಾಗ ಮೈಬಿಸಿಗೆ ಮೆತ್ತಗಾಗಿರುತ್ತದೆ. ಸರ್ಜನ್ ತಲೆಯನ್ನು ಸ್ವಲ್ಪ ಬಗ್ಗಿಸುತ್ತಾರೆ. ಅಷ್ಟಕ್ಕೇ ಟ್ಯೂಬು ಮಡಚಿಕೊಳ್ಳಬಹುದು. ಮಾನಿಟರಿನಲ್ಲಿ ಉಸಿರಿನ ಒತ್ತಡ ಏರುತ್ತದೆ, ಇಂಗಾಲದ ಡೈಆಕ್ಸೈಡಿನ ಗೆರೆ ಓರೆಯಾಗುತ್ತದೆ. ನನಗೆ ಒಮ್ಮೆ ಹೀಗೇ ಆಯಿತು. ಶುರುವಿನಲ್ಲಿ ಎಲ್ಲ ಸರಿಯಿತ್ತಲ್ಲ ಅಂತ ಮೊದಲು ಮೆಷಿನ್ ನೋಡಿದೆ, ಆಮೇಲೆ ಪೈಪುಗಳನ್ನು ನೋಡಿದೆ. ಕೊನೆಗೆ ಬಟ್ಟೆಯ ಕೆಳಗೆ ಕೈ ಹಾಕಿದಾಗ ಹಲ್ಲಿನ ಹತ್ತಿರ ಮಡಿಕೆ ಬೆರಳಿಗೆ ಸಿಕ್ಕಿತು. ಅಂದಿನಿಂದ ಬೆನ್ನು, ಕುತ್ತಿಗೆಯ ಆಪರೇಷನ್ನಿಗೆ ಒಳಗೆ ತಂತಿಯ ಸುರುಳಿ ಇರುವ ಟ್ಯೂಬನ್ನೇ ಕೇಳಿ ಪಡೆಯುತ್ತೇನೆ. ಪ್ಲಾಸ್ಟಿಕ್ ಮೆತ್ತಗಾದರೂ ತಂತಿ ಮೆತ್ತಗಾಗುವುದಿಲ್ಲ.

ಟ್ಯೂಬಿನ ತುದಿಯ ಹತ್ತಿರ ಪುಟ್ಟ ಬಲೂನು ಇರುತ್ತದೆ. ಗಾಳಿ ತುಂಬಿದರೆ ಶ್ವಾಸನಾಳದ ಗೋಡೆಗೆ ಒತ್ತಿ ಕೂತು ಸೋರಿಕೆ ತಡೆಯುತ್ತದೆ. ಅದರ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು, ಅಂದರೆ ಅಷ್ಟು ಎತ್ತರದ ನೀರು ತಳವನ್ನು ಒತ್ತುವಷ್ಟು ಇರಬೇಕು. ಜಾಸ್ತಿಯಾದರೆ ಒಳಪದರಕ್ಕೆ ರಕ್ತ ಹರಿಯುವುದಿಲ್ಲ. ಈಗ ಒಂದು ಲೆಕ್ಕ. ಗಾಳಿ 20ರಿಂದ 37 ಡಿಗ್ರಿಗೆ ಬಿಸಿಯಾದರೆ ಹಿಗ್ಗಲು ಜಾಗವಿಲ್ಲದಿದ್ದಲ್ಲಿ ಅದರ ಒತ್ತಡ ಸುಮಾರು ಶೇ 6ರಷ್ಟು ಏರುತ್ತದೆ. ಕಡಿಮೆ ಅನಿಸಬಹುದು. ಆದರೆ ಈ ಶೇ 6 ವಾತಾವರಣದ ಒತ್ತಡವನ್ನೂ ಸೇರಿಸಿದ ಒಟ್ಟು ಒತ್ತಡದ್ದು. ಅದು ಸಾವಿರ ಸೆಂಟಿಮೀಟರ್ ನೀರಿಗಿಂತ ತುಸು ಹೆಚ್ಚು. ಅಂದರೆ ಬಲೂನು ಗಾಜಿನ ಶೀಶೆಯಂತೆ ಗಟ್ಟಿಯಾಗಿದ್ದಿದ್ದರೆ ಒತ್ತಡ ಒಮ್ಮೆಗೇ 60 ಸೆಂಟಿಮೀಟರ್ ಏರುತ್ತಿತ್ತು! ಕಾಪಾಡುವುದು ಬಲೂನಿನ ತೆಳುವು, ಅದರ ಸಡಿಲ ಮಡಿಕೆಗಳು. ಬಿಸಿಯಾದ ಗಾಳಿಗೆ ಅವು ಜಾಗ ಮಾಡಿಕೊಡುತ್ತವೆ. ಹೃದಯದ ಆಪರೇಷನ್ನಿನಲ್ಲಿ ಮೈಯನ್ನು ತಣ್ಣಗೆ ಮಾಡಿದಾಗ ಇದರ ತಿರುಗುಮುರುಗು, ಬಲೂನಿನ ಒತ್ತಡ ಇಳಿಯುತ್ತದೆ. ಹಾಗಾಗಿ ಒಮ್ಮೆ ತುಂಬಿ ಸುಮ್ನೆ ಬಿಡುವ ಹಾಗಿಲ್ಲ. ನಡುನಡುವೆ ಮೀಟರ್ ಹಚ್ಚಿ ನೋಡಬೇಕು.

ಬಿಸಿಗೆ ಅಷ್ಟಾಗಿ ಜಗ್ಗದ ವಸ್ತುವೂ ಇದೆ, ಸಿಲಿಕೋನ್. ಲಂಡನ್ನಿನ ಅರಿವಳಿಕೆ ವೈದ್ಯ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಲು ಶುರುಮಾಡಿದ ಲ್ಯಾರಿಂಜಿಯಲ್ ಮಾಸ್ಕ್ (ಶ್ವಾಸನಾಳದೊಳಗೆ ಇಳಿಯದೆ, ಗಂಟಲಲ್ಲೇ ಅದರ ಬಾಯಿಗೆ ಕವುಚಿ ಕೂರುವ ಸಾಧನ) 1988ರಲ್ಲಿ ಮಾರುಕಟ್ಟೆಗೆ ಬಂದಾಗ ಸಿಲಿಕೋನಿನದೇ ಆಗಿತ್ತು. ಅದನ್ನು 134 ಡಿಗ್ರಿ ಹಬೆಯಲ್ಲಿ ಆಟೋಕ್ಲೇವ್ ಮಾಡಿ 40 ಸಲ ಬಳಸಬಹುದು. ಪಿವಿಸಿ ಟ್ಯೂಬನ್ನು ಆ ಹಬೆಗೆ ಹಾಕಿದರೆ ಸೊಟ್ಟಗಾಗಿ ಹೊರಬರುತ್ತದೆ.

2007ರಲ್ಲಿ ಬಂದ ಐ-ಜೆಲ್ ಕೂಡ ಹೀಗೆ ಗಂಟಲಲ್ಲೇ ಕೂರುವ ಸಾಧನ, ಆದರೆ ಬೇರೆಯದೇ ಜಾತಿ. ಅದರಲ್ಲಿ ಗಾಳಿ ತುಂಬುವ ಬಲೂನೇ ಇಲ್ಲ. ಜೆಲ್ಲಿಯಂಥ ಮೆತ್ತನೆಯ ಪ್ಲಾಸ್ಟಿಕ್ಕೇ ಗಂಟಲಿಗೆ ಅಂಟಿ ಕೂರುತ್ತದೆ. ಮೈಬಿಸಿ ತಾಗಿದ ಮೇಲೆ ಇನ್ನೂ ಚೆನ್ನಾಗಿ ಕೂರುತ್ತದೆ ಎಂಬ ಮಾತು ಓಟಿಗಳಲ್ಲಿ ಓಡಾಡುತ್ತದೆ. ಹಾಕುವ ಮುಂಚೆಯೇ ಬಿಸಿ ಮಾಡಿ ಪರೀಕ್ಷಿಸಿದವರೂ ಇದ್ದಾರೆ. ಕೆಲವರಿಗೆ ಲಾಭ ಕಂಡಿದೆ, ಕೆಲವರಿಗೆ ವ್ಯತ್ಯಾಸವೇ ಕಂಡಿಲ್ಲ. ನಾನಂತೂ ಬಿಸಿ ಮಾಡುವುದಿಲ್ಲ. ಸ್ವಲ್ಪ ಸೋರಿದರೆ ಗಾಬರಿಯಾಗದೆ ಒಂದೆರಡು ನಿಮಿಷ ಕಾಯುತ್ತೇನೆ, ಸೋರಿಕೆ ನಿಲ್ಲದಿದ್ದರೆ ಬದಲಾಯಿಸುತ್ತೇನೆ.

ಬಾಯಿ ತೆರೆಯದ ಆ ರೋಗಿಗಳ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಮುಗಿದು ಎಚ್ಚರವಾದ ಮೇಲೆ ಅವರ ಮೂಗಿನಿಂದ ಟ್ಯೂಬು ಎಳೆಯುವಾಗ ಅದು ಬೆಚ್ಚಗೆ, ನೆನೆದ ಹಗ್ಗದಷ್ಟು ಮೆತ್ತಗೆ ಇರುತ್ತದೆ. ಟ್ರೇಯಲ್ಲಿ ಇಟ್ಟು, ರೋಗಿ ಚೆನ್ನಾಗಿ ಉಸಿರಾಡುತ್ತಿದ್ದಾರಾ ಅಂತ ನೋಡಿ, ಆಕ್ಸಿಜನ್ ಮಾಸ್ಕ್ ಕಟ್ಟಿ ತಿರುಗುವಷ್ಟರಲ್ಲಿ ಓಟಿಯ ಚಳಿಗೆ ಮತ್ತೆ ಬಿಗಿಯಾಗಿರುತ್ತದೆ. ಆದರೆ ಪೊಟ್ಟಣದಿಂದ ತೆಗೆದಾಗ ಇದ್ದ ಬಾಗು ಈಗಿಲ್ಲ. ಮೂಗಿನಿಂದ ಗಂಟಲಿಗೆ ಇಳಿಯುವ ಅವರ ತಿರುವೇ ಅದರಲ್ಲಿ ಕೂತಿರುತ್ತದೆ.