ಮಳೆಗಾಲ ಕಳೆದು ಹೊರಗೆ ತೆಗೆದ ಮಾರುತಿ 800: ಹಿಡಿದುಕೊಂಡ ಕಾರ್ಬುರೇಟರ್ ಬಿಡಿಸಬಹುದಾ?

ಪ್ರಶ್ನೆ: ನಮ್ಮಲ್ಲಿ ಅಪ್ಪನ ಕಾಲದ ಮಾರುತಿ 800 ಇದೆ. ಕಾರ್ಬುರೇಟರ್ ಇರುವ ಹಳೆಯ ಮಾಡೆಲ್. ಮೇ ಕೊನೆಗೆ ಶೆಡ್ಡಿನೊಳಗೆ ಇಟ್ಟದ್ದು, ಮಳೆಯೆಲ್ಲ ಮುಗಿದು ಅಕ್ಟೋಬರಿನಲ್ಲಿ ತೆಗೆದೆವು. ಬ್ಯಾಟರಿ ಹೊಸತು ಹಾಕಿದ್ದೇವೆ. ಸೆಲ್ಫ್ ಹೊಡೆಯುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಕಾರ್ಬುರೇಟರ್ ಜಾಮ್ ಆಗಿದೆ, ಬೇರೆಯೇ ಹಾಕಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಬಿಡಿಸಲು ಆಗುವುದೇ ಇಲ್ಲವಾ? ಟ್ಯಾಂಕಿನಲ್ಲಿರುವ ಐದು ತಿಂಗಳ ಹಳೆಯ ಪೆಟ್ರೋಲ್ ಉಪಯೋಗಿಸಬಹುದಾ? (ಬದಿಯಡ್ಕದಿಂದ ಒಬ್ಬ ಓದುಗರು)

ಉತ್ತರ: ಹೆಚ್ಚಿನ ಸಲ ಬಿಡಿಸಲು ಆಗುತ್ತದೆ. ಬೇಕಾಗುವುದು ಎರಡು ದಿನದ ತಾಳ್ಮೆ. ಜೊತೆಗೆ ಒಂದು ವಿಷಯ ಮೊದಲು ಗೊತ್ತಾಗಬೇಕು: ಅದನ್ನು ಹಿಡಿದುಕೊಂಡಿರುವುದು ಏನು?

ಹಲಸಿನ ಹಣ್ಣು ಕೊಯ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈಗೆ ಅಂಟಿದ ಮೇಣವನ್ನು ನೀರಿನಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಾಲ್ಕು ಹನಿ ತೆಂಗಿನೆಣ್ಣೆ ಹಚ್ಚಿದರೆ ತಾನಾಗಿ ಬಿಡುತ್ತದೆ. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಎಣ್ಣೆ ಹಚ್ಚಿದರೆ ಏನೂ ಆಗುವುದಿಲ್ಲ, ಅದಕ್ಕೆ ಹುಣಸೆಹುಳಿಯೇ ಬೇಕು. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಒಳಗೂ ಹೀಗೆಯೇ. ಒಂದು ಕಡೆ ಪೆಟ್ರೋಲಿನ ಮೇಣ, ಇನ್ನೊಂದು ಕಡೆ ಕಿಲುಬು, ಮತ್ತೊಂದು ಕಡೆ ತುಕ್ಕು ಹಿಡಿದಿರುತ್ತದೆ. ಎಲ್ಲದಕ್ಕೂ ಒಂದೇ ಸ್ಪ್ರೇ ಹೊಡೆದು ಇಕ್ಕಳ ಹಾಕಿ ಎಳೆದಾಗಲೇ ಒಳ್ಳೆಯ ಕಾರ್ಬುರೇಟರ್‌ಗಳು ಹಾಳಾಗುವುದು.

ನಮ್ಮ ಊರಿನಲ್ಲಿ ಈ ತೊಂದರೆ ಯಾಕೆ ಜಾಸ್ತಿ? ಕಾರ್ಬುರೇಟರಿನ ಬೌಲಿನಲ್ಲಿ ಸ್ವಲ್ಪವೇ ಪೆಟ್ರೋಲ್ ನಿಲ್ಲುತ್ತದೆ. ಆ ಬೌಲಿಗೆ ಗಾಳಿಯಾಡುವ ದಾರಿ ಇರುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ಪೆಟ್ರೋಲಿನ ಹಗುರವಾದ ಭಾಗ ಹಾರಿಹೋಗಿ, ಉಳಿದದ್ದು ಗಾಳಿ ತಾಗಿ ಜಿಗುಟಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಅದರ ಮೇಲೆ ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಸರಗೋಡಿನಲ್ಲಿ ಮರದ ಬಾಗಿಲೇ ಉಬ್ಬಿ ಮುಚ್ಚಲು ಬರುವುದಿಲ್ಲ ಅಲ್ವಾ, ಅರ್ಧ ಖಾಲಿ ಟ್ಯಾಂಕಿನೊಳಗೆ ಎಷ್ಟು ತೇವ ಹೋಗಿರಬೇಡ! ನೀರು ಜಾಸ್ತಿಯಾದರೆ ಎಥನಾಲನ್ನೂ ಸೇರಿಸಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಸಣ್ಣ ತೂತಿನಿಂದ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ಟಿಗೆ ಹಸಿರು ಕಿಲುಬು, ಕಾರ್ಬುರೇಟರಿನ ಬಾಡಿಯ ಮೇಲೆ ಬಿಳಿ ಹುಡಿ ಹಿಡಿಯುವುದು ಆಗಲೇ. ಕಡಲ ಹತ್ತಿರದ ಕುಂಬಳೆ, ಉಪ್ಪಳದ ಕಡೆಯವರಿಗೆ ಉಪ್ಪು ಗಾಳಿಯೂ ಸೇರುತ್ತದೆ.

ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಅಲ್ಲಿವರೆಗೆ ಪೆಟ್ರೋಲ್ ಬರುತ್ತಿದೆಯಾ ನೋಡಿ. ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ವೈರ್ ಕಳಚಿಡಿ, ಕಿಡಿ ಬರಬಾರದು. ಕಾರ್ಬುರೇಟರಿಗೆ ಪೆಟ್ರೋಲ್ ತರುವ ಪೈಪ್ ಬಿಚ್ಚಿ, ತುದಿಯನ್ನು ಒಂದು ಬಾಟಲಿಗೆ ಇಳಿಸಿ. ಇನ್ನೊಬ್ಬರು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲಿ. ಈ ಮಾಡೆಲಿನಲ್ಲಿ ಪೆಟ್ರೋಲ್ ಪಂಪನ್ನು ಎಂಜಿನ್ನೇ ನಡೆಸುತ್ತದೆ. ಹಾಗಾಗಿ ಎಂಜಿನ್ ತಿರುಗಿದಾಗ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ಬಾರದಿದ್ದರೆ ತೊಂದರೆ ಪಂಪಿನಲ್ಲಿ, ಫಿಲ್ಟರಿನಲ್ಲಿ ಅಥವಾ ಬಿರಿದ ರಬ್ಬರ್ ಪೈಪಿನಲ್ಲಿ ಇರುತ್ತದೆ. ಪಾಪದ ಕಾರ್ಬುರೇಟರನ್ನು ಬೈಯುವ ಹಾಗಿಲ್ಲ.

ಪೆಟ್ರೋಲ್ ಬಂದರೂ ಬೌಲ್ ತುಂಬುವುದಿಲ್ಲ ಎಂದಾದರೆ ಹಿಡಿದಿರುವುದು ನೀಡಲ್. ಮನೆಯ ನೀರಿನ ಟ್ಯಾಂಕಿಯ ಬಾಲ್ ವಾಲ್ವ್ ನೋಡಿದ್ದೀರಲ್ಲ, ಅದೇ ಕೆಲಸ ಇದರದ್ದೂ. ಪೆಟ್ರೋಲ್ ತುಂಬಿದಾಗ ಫ್ಲೋಟ್ ಮೇಲೇರಿ ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಮುಚ್ಚಿದ ಜಾಗದಲ್ಲೇ ಮೇಣ ಒಣಗಿದರೆ ಮತ್ತೆ ತೆರೆಯುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬೌಲಿನ ಮೇಲ್ಭಾಗಕ್ಕೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿದರೆ ಕೆಲವೊಮ್ಮೆ ಇದು ಬಿಟ್ಟುಕೊಳ್ಳುತ್ತದೆ, ಕಾರು ಸ್ಟಾರ್ಟ್ ಕೂಡ ಆಗುತ್ತದೆ. ಆದರೆ ಅಷ್ಟಕ್ಕೇ ಬಿಡಬೇಡಿ. ಮೇಣ ಒಳಗೇ ಇದೆ. ನಾಳೆ ನೀಡಲ್ ತೆರೆದೇ ನಿಂತರೆ ಪೆಟ್ರೋಲ್ ತುಂಬಿ ಬಿಸಿ ಎಂಜಿನ್ ಮೇಲೆ ಚೆಲ್ಲುತ್ತದೆ. ನನಗೆ ಭಯವಿರುವುದು ಅದರದ್ದೇ.

ಇನ್ನು ಬಿಚ್ಚುವ ಕೆಲಸ. ಅಂಗಳದಲ್ಲಿ, ಗಾಳಿಯಾಡುವ ಜಾಗದಲ್ಲಿ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ನಮ್ಮ ಕಡೆ ಬಚ್ಚಲ ಹಂಡೆಯ ಅಡಿಯಲ್ಲಿ ಸಂಜೆ ತನಕ ಕೆಂಡ ಇರುತ್ತದೆ ಎಂಬುದನ್ನು ಮರೆಯಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಯಾವ ಪೈಪ್, ಯಾವ ಸ್ಪ್ರಿಂಗ್ ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮೇಲಿನ ಮುಚ್ಚಳ ಬಿಚ್ಚಿ ಎತ್ತಿದರೆ ಫ್ಲೋಟ್ ಅದಕ್ಕೇ ತೂಗಿಕೊಂಡು ಬರುತ್ತದೆ. ಅದನ್ನು ಹಿಡಿದಿರುವುದು ಎರಡು ಸಣ್ಣ ಕಂಬಗಳ ನಡುವೆ ತೂರಿಸಿದ ಒಂದು ಪಿನ್. ಎಲ್ಲಕ್ಕಿಂತ ಎಚ್ಚರ ಬೇಕಾದ ಜಾಗ ಇದು. ಹೋದ ವರ್ಷ ನಮ್ಮ ಮಾವನ ಕಾರಿನದ್ದನ್ನು ಜಗಲಿಯಲ್ಲಿ ಹಳೆ ಬಿಳಿ ಪಂಚೆ ಹಾಸಿ ಬಿಚ್ಚಿದ್ದೆ. ಬೌಲಿನ ತಳದಲ್ಲಿ ಕಪ್ಪು ಬೆಲ್ಲ ಕರಗಿ ಆರಿದ ಹಾಗೆ ಒಂದು ಪದರ ಇತ್ತು. ಪಿನ್ನಿನ ಎರಡೂ ತುದಿಗಳಲ್ಲಿ ಅದೇ ಬಣ್ಣದ ಉಂಗುರ. ಬೆರಳಿನಿಂದ ಒತ್ತಿದೆ, ಅಲುಗಲಿಲ್ಲ. ಆ ಕಂಬಗಳು ಎರಕದ ಲೋಹದವು, ಬಗ್ಗುವುದಿಲ್ಲ, ಪಟ್ಟನೆ ಮುರಿಯುತ್ತವೆ. ಮುರಿದರೆ ಆ ಮುಚ್ಚಳ ಗುಜರಿಗೆ. ಹಾಗಾಗಿ ಕಾರ್ಬುರೇಟರ್ ಕ್ಲೀನರನ್ನು ಪಿನ್ನಿನ ಎರಡು ತುದಿಗೂ ಬಿಟ್ಟು, ಒಂದು ಡಬ್ಬಿಯೊಳಗೆ ಮುಚ್ಚಿಟ್ಟೆ. ಎರಡು ಗಂಟೆಗೊಮ್ಮೆ ಮತ್ತೆ ಬಿಟ್ಟೆ. ಮರುದಿನ ಬೆಳಿಗ್ಗೆ ಪಿನ್ನನ್ನು ಎಳೆಯಲಿಲ್ಲ, ಸಣ್ಣ ಇಕ್ಕಳದಲ್ಲಿ ಹಿಡಿದು ಇದ್ದಲ್ಲೇ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟು ತಿರುಗಿತು. ಮತ್ತೆ ಕ್ಲೀನರ್, ಮತ್ತೆ ಆಚೆ ಈಚೆ. ಮಧ್ಯಾಹ್ನದ ಹೊತ್ತಿಗೆ ಪಿನ್ ಜಾರಿ ಪಂಚೆಯ ಮೇಲೆ ಬಿತ್ತು. ನೀವೂ ಹಾಗೆಯೇ ಮಾಡಿ. ಪಿನ್ನನ್ನು ಆಚೆಗೆ ತಳ್ಳಲೇಬೇಕಾದರೆ ಕಂಬದ ಹಿಂದೆ ಒಂದು ಮರದ ತುಂಡು ಆನಿಸಿ, ಒತ್ತಡ ಕಂಬಕ್ಕೆ ಬೀಳಬಾರದು.

ಜೆಟ್ಟುಗಳದ್ದು ಬೇರೆ ಲೆಕ್ಕ. ಅವು ಹಿತ್ತಾಳೆ, ಬಾಡಿ ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಲೋಹ. ಎರಡರ ನಡುವೆ ಕಿಲುಬು ಕೂತರೆ ಕ್ಲೀನರ್ ಒಂದರಿಂದಲೇ ಬಿಡುವುದಿಲ್ಲ. ಇಲ್ಲಿ ಬಿಸಿ ಕೆಲಸ ಮಾಡುತ್ತದೆ. ಬಿಸಿಯಾದಾಗ ಅಲ್ಯೂಮಿನಿಯಂ, ಸತು ಎರಡೂ ಹಿತ್ತಾಳೆಗಿಂತ ಜಾಸ್ತಿ ಹಿಗ್ಗುತ್ತವೆ, ಜೆಟ್ಟಿನ ಸುತ್ತ ಹಿಡಿತ ಸಡಿಲವಾಗುತ್ತದೆ. ಬೆಂಕಿ ತೋರಿಸಲೇಬೇಡಿ. ಪೆಟ್ರೋಲೆಲ್ಲ ಚೆಲ್ಲಿ, ತೊಳೆದು, ಒಣಗಿಸಿ, ರಬ್ಬರ್ ಭಾಗ, ಡಯಾಫ್ರಾಂ, ವೈರ್ ಇರುವ ಸೊಲೆನಾಯ್ಡ್ ಎಲ್ಲ ತೆಗೆದ ಮೇಲೆ, ಬಚ್ಚಲಿನಿಂದ ಬಕೆಟಿನಲ್ಲಿ ಕುದಿ ನೀರು ಅಂಗಳಕ್ಕೆ ತಂದು ಬಾಡಿಯನ್ನು ಐದು ನಿಮಿಷ ಅದರಲ್ಲಿ ಮುಳುಗಿಸಿಡಿ. ಸೀಳಿನೊಳಗೆ ಸರಿಯಾಗಿ ತುಂಬಿ ಕೂರುವ ಸ್ಕ್ರೂಡ್ರೈವರ್ ಹಾಕಿ. ಸಣ್ಣದು ಹಾಕಿದರೆ ಹಿತ್ತಾಳೆಯ ತಲೆ ಕಿತ್ತು ಬರುತ್ತದೆ. ಮೊದಲು ಒಂದು ಎಳ್ಳಿನಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬಿಗಿ ಮಾಡುವಾಗ ‘ಟಿಕ್’ ಅಂತ ಕೈಗೆ ತಿಳಿದರೆ ಕಿಲುಬು ಒಡೆದಿದೆ ಎಂದರ್ಥ. ಕೆಲಸ ಮುಗಿದ ಮೇಲೆ ನೀರಿನ ಹನಿ ಉಳಿಯದ ಹಾಗೆ ಗಾಳಿ ಹೊಡೆದು ಒಣಗಿಸಬೇಕು.

ಹುಣಸೆಹುಳಿ, ಲಿಂಬೆಹುಳಿಯಲ್ಲಿ ನೆನೆಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಕಾರ್ಬುರೇಟರಿನ ಬಾಡಿಯನ್ನು ಹಾಗೆ ನೆನೆಹಾಕುವುದು ಬೇಡ. ಹುಳಿ ಕಿಲುಬಿನ ಜೊತೆ ಸತುವನ್ನೂ ತಿನ್ನುತ್ತದೆ. ಜೆಟ್ಟಿನ ತೂತಿಗೆ ಸೂಜಿ, ತಂತಿ ಹಾಕುವುದೂ ಬೇಡ. ಆ ತೂತು ಕೂದಲಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಗಾಳ ಹಾಕುವ ನೈಲಾನ್ ದಾರ ಸಾಕು.

ಆಕ್ಸಿಲರೇಟರ್ ಮತ್ತು ಚೋಕಿನ ಸ್ಪಿಂಡಲ್ (ಗಾಳಿಯ ದಾರಿಯ ಬಾಗಿಲನ್ನು ತಿರುಗಿಸುವ ಸರಳು) ಹಿಡಿಯುವುದು ಹೊರಗಿನ ತೇವ ಮತ್ತು ತುಕ್ಕಿನಿಂದ. ಅದಕ್ಕೆ ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು, ಸ್ವಲ್ಪ ಸ್ವಲ್ಪವೇ ಆಚೆ ಈಚೆ ಆಡಿಸಿ. ಎಂಜಿನ್ ಆಯಿಲ್ ಬೇಡ, ಧೂಳು ಹಿಡಿಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಪೆಡಲ್ ಒತ್ತಿ ಬಿಟ್ಟಾಗ ಥ್ರಾಟಲ್, ಅಂದರೆ ಆಕ್ಸಿಲರೇಟರಿನ ಆ ಬಾಗಿಲು, ತಾನಾಗಿ ಪಟ್ಟನೆ ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದರೆ ಕಾರನ್ನು ರಸ್ತೆಗೆ ಇಳಿಸಬೇಡಿ.

ಕಂಬ ಮುರಿದಿದ್ದರೆ, ಸ್ಪಿಂಡಲ್ ಗಡಗಡ ಆಡುತ್ತಿದ್ದರೆ, ಬಾಡಿಯಲ್ಲಿ ಬಿಳಿ ಹುಡಿ ಕೆರೆದಾಗ ಗುಂಡಿಗಳು ಕಂಡರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಬೇರೆ ಹಾಕಬೇಕು. ಇಲ್ಲದಿದ್ದರೆ ಹೊಸ ನೀಡಲ್, ಗ್ಯಾಸ್ಕೆಟ್ ಇರುವ ಕಿಟ್ ಸಾಕು. ಈ ಕಾರು 2014ರ ಜನವರಿ ತನಕ ತಯಾರಾಗಿದ್ದರೂ ಕಾರ್ಬುರೇಟರ್ ಮಾಡೆಲುಗಳು ಅದಕ್ಕಿಂತ ಎಷ್ಟೋ ಹಳೆಯವು. ಹಾಗಾಗಿ ಅಂಗಡಿಗೆ ಹೋಗುವಾಗ ಹಳೆಯ ನೀಡಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಇಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ. ಬರುವ ವರ್ಷ ಮಳೆಗೆ ಮೊದಲು ಪೆಟ್ರೋಲ್ ಪೈಪ್ ಬಿಚ್ಚಿ ತುದಿ ಮುಚ್ಚಿ, ಬೌಲಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ.

ಟ್ಯಾಂಕಿನ ಪೆಟ್ರೋಲ್ ಉಪಯೋಗಿಸಬೇಡಿ. ಒಂದು ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಅರ್ಧ ಗಂಟೆ ಇಟ್ಟರೆ, ನೀರು ಸೇರಿದ್ದರೆ ತಳದಲ್ಲಿ ಬೇರೆ ಪದರ ಕಾಣುತ್ತದೆ. ಪದರ ಕಾಣದಿದ್ದರೂ ಐದು ತಿಂಗಳ ಪೆಟ್ರೋಲನ್ನು ಈಗಷ್ಟೇ ತೊಳೆದ ಕಾರ್ಬುರೇಟರಿಗೆ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಪೂರ್ತಿ ಇಳಿಸಿ, ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ ವರ್ಕ್‌ಶಾಪಿಗೆ ಕೊಡಿ, ಭಾಗ ತೊಳೆಯಲು ಅವರು ತೆಗೆದುಕೊಳ್ಳುತ್ತಾರೆ. ತೋಟದ ಬದಿಗೆ ಮಾತ್ರ ಚೆಲ್ಲಬೇಡಿ. ನಮ್ಮಲ್ಲಿ ಕುಡಿಯುವ ನೀರು ಬರುವುದು ಅದೇ ಮಣ್ಣಿನ ಅಡಿಯ ಬಾವಿ ಮತ್ತು ನೀರಿಗಾಗಿ ಗುಡ್ಡದೊಳಗೆ ಅಡ್ಡವಾಗಿ ಕೊರೆದ ಸುರಂಗಗಳಿಂದ.